ನೆಟೆ ರೋಗಕ್ಕೆ ಕನ್ನಡ ಬರುವುದಿಲ್ಲವೇ?

ಗೆಳೆಯರೇ, ಅಂಗಡಿಗಳ ನಾಮಫಲಕದಲ್ಲಿ ಕನ್ನಡ ಇಲ್ಲವೆಂದು ನಾವೆಲ್ಲ ಬೀದಿಗಿಳಿದಿದ್ದೇವೆ. ಸರಿಯೇ. ಆದರೆ ಕಲಬುರಗಿ ಕಡೆಯ ಗೊಬ್ಬರದಂಗಡಿಯಲ್ಲಿ ಸಾಲಾಗಿ ನಿಂತಿರುವ ಔಷಧಿ ಬಾಟಲಿಗಳ ಚೀಟಿಯನ್ನು ನಮ್ಮಲ್ಲಿ ಎಷ್ಟು ಮಂದಿ ಓದಿ ನೋಡಿದ್ದೇವೆ?

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಚಪ್ಪಾಳೆ ತಟ್ಟಿದೆವು. 2022ರಲ್ಲಿ ಅದೇ ಜಿಲ್ಲೆಯ ತೊಗರಿ ನೆಟೆ ರೋಗಕ್ಕೆ ಒಣಗಿ ನಿಂತಾಗ ಬೆಂಗಳೂರಿನಲ್ಲಿ ಸಾರು ಉಣ್ಣುತ್ತಿದ್ದ ಎಷ್ಟು ಜನಕ್ಕೆ ಸುದ್ದಿ ತಲುಪಿತು?

ಹಿಂದೊಮ್ಮೆ ನಮ್ಮ ಪ್ರೆಸ್ಸಿಗೆ ಒಬ್ಬ ಔಷಧಿ ವ್ಯಾಪಾರಿ ಕರಪತ್ರ ಅಚ್ಚು ಹಾಕಿಸಲು ಬಂದ. ‘ಎಲ್ಲಾ ಕನ್ನಡದಲ್ಲೇ ಇದೆ ಸಾರ್’ ಅಂದ. ಹೌದು, ಅಕ್ಷರ ಮಾತ್ರ ಕನ್ನಡದ್ದು! ‘ಫ್ಯುಸೇರಿಯಂ ವಿಲ್ಟ್’, ‘ಸ್ಟೆರಿಲಿಟಿ ಮೊಸಾಯಿಕ್’, ‘ಪಾಡ್ ಬೋರರ್’. ಪ್ರೂಫ್ ನೋಡುತ್ತಿದ್ದ ನಮ್ಮ ಚಿಂಚೋಳಿ ಹುಡುಗ ನಕ್ಕುಬಿಟ್ಟ. ‘ಅಣ್ಣಾರ, ಇದು ನಮ್ಮ ನೆಟಿ ರೋಗ ಅಲ್ಲೇನ್ರಿ? ಅದು ಗೊಡ್ಡು ರೋಗ. ಇದು ಕಾಯಿಕೊರಕ ಹುಳ.’ ಪಿಯುಸಿ ಓದಿದ ನನಗೂ ಅವತ್ತೇ ತಿಳಿದದ್ದು.

ಹೆಸರು ತಪ್ಪಿದರೆ ದುಡ್ಡು ಹೋಗುತ್ತದೆ. ನೆಟೆ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವ ರೋಗ. ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಅದಕ್ಕೆ ಹುಳದ ಔಷಧಿ ಹೊಡೆದರೆ ನೀರಿನಲ್ಲಿ ಹೋಮ! ಬಿತ್ತುವ ಮೊದಲೇ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಬೇಕು, ಅದೇ ಹೊಲಕ್ಕೆ ವರ್ಷ ವರ್ಷ ತೊಗರಿ ಹಾಕದೆ ಜೋಳ ಹಾಕಬೇಕು, ಟಿಎಸ್-3ಆರ್‌ನಂಥ ತಡೆದುಕೊಳ್ಳುವ ತಳಿ ಆರಿಸಬೇಕು. ಗೊಡ್ಡು ರೋಗ ಬೇರೆಯೇ. ಕಣ್ಣಿಗೆ ಕಾಣದ ನುಸಿ ಅದನ್ನು ಗಾಳಿಯಲ್ಲಿ ಹೊತ್ತು ತರುತ್ತದೆ. ಗಿಡ ಪೊದೆಯಂತೆ ಬೆಳೆದರೂ ಹೂವಿಲ್ಲ, ಕಾಯಿಲ್ಲ. ಅಂಥ ಗಿಡವನ್ನು ಕಂಡ ಕೂಡಲೇ ಕಿತ್ತು ಹಾಕಬೇಕು. ಕಾಯಿಕೊರಕಕ್ಕೂ ಮೊದಲ ಮದ್ದು ಬಾಟಲಿಯಲ್ಲ: 100 ಲೀಟರ್ ನೀರಿಗೆ 5 ಕಿಲೋ ಬೇವಿನ ಬೀಜದ ಪುಡಿಯ ಕಷಾಯ, ಹಕ್ಕಿ ಕೂರಲು ಹೊಲದಲ್ಲಿ ಕವೆಗೋಲು, ಗಿಡ ಅಲುಗಿಸಿ ಬಟ್ಟೆಯ ಮೇಲೆ ಹುಳ ಬೀಳಿಸಿ ಕೊಲ್ಲುವುದು. ಇದನ್ನೆಲ್ಲ ಹೇಳಿದರೆ ಬಾಟಲಿ ಖರ್ಚಾಗುವುದು ಹೇಗೆ?

ಕಾನೂನು ಇಲ್ಲವೆಂದಲ್ಲ. ಕೀಟನಾಶಕದ ಚೀಟಿ ಮಾರಾಟವಾಗುವ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ವಿಷವೇರಿದರೆ ಕಾಣುವ ಲಕ್ಷಣ, ಮಾಡಬೇಕಾದ ಪ್ರಥಮ ಚಿಕಿತ್ಸೆ, ಎಲ್ಲವೂ ಒಳಗಿನ ಕಾಗದದಲ್ಲಿರಬೇಕು. ಇರುತ್ತದೆ, ಇರುವೆ ಕಾಲಿನಷ್ಟು ಅಕ್ಷರದಲ್ಲಿ! ಇಪ್ಪತ್ತು ವರ್ಷ ಅಚ್ಚಿನ ಮನೆಯಲ್ಲಿ ಕಣ್ಣು ಸವೆಸಿದ ನನಗೇ ಭೂತಗನ್ನಡಿ ಬೇಕು. ಕೆಂಪು ತ್ರಿಕೋನವಿದ್ದರೆ ಅತಿ ಘೋರ ವಿಷ, ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಈ ಬಣ್ಣದ ಅರ್ಥವನ್ನಾದರೂ ದಪ್ಪ ಅಕ್ಷರದಲ್ಲಿ ಹಾಕಲು ಇವರಿಗೇನು ರೋಗ? ಹತ್ತು ಪಾಯಿಂಟಿನಲ್ಲಿ ಹಾಕಿದರೆ ಕಾಗದದ ಖರ್ಚು ಎಷ್ಟು ಹೆಚ್ಚುತ್ತದೆಂದು ನನ್ನನ್ನು ಕೇಳಲಿ, ಲೆಕ್ಕ ಕೊಡುತ್ತೇನೆ.

ಹಬ್ಬಕ್ಕೆ ಊರಿಗೆ ಹೋಗುವ ತರುಣರೇ, ಗೊಬ್ಬರದಂಗಡಿಗೆ ಹೋಗಿ ಒಂದು ಬಾಟಲಿ ಕೈಗೆತ್ತಿಕೊಳ್ಳಿ. ಅದರ ಕನ್ನಡವನ್ನು ನಿಮ್ಮಪ್ಪನ ಮುಂದೆ ಗಟ್ಟಿಯಾಗಿ ಓದಿ. ಅವರಿಗೆ ಅರ್ಥವಾಗದ ಒಂದೊಂದು ಪದವನ್ನೂ, ಅವರು ಅದಕ್ಕೆ ಹೇಳುವ ಹೆಸರನ್ನೂ ಬರೆದು ಸಂಘದ ಕಚೇರಿಗೆ ತಂದುಕೊಡಿ. ಕೃಷಿ ಇಲಾಖೆಗೆ ಕೊಡುವ ಮನವಿಯಲ್ಲಿ ಆ ಪಟ್ಟಿಯನ್ನು ಸೇರಿಸೋಣ. ಅಚ್ಚಿನ ಖರ್ಚು ನನ್ನದು.