ಮುಳುಗಡೆಯ ಕತೆಗೆ ರಂಗ ಕಟ್ಟುವ ಮುನ್ನ

ಶರಾವತಿ ಮುಳುಗಡೆಯಲ್ಲಿ ನೆಲೆ ಕಳೆದುಕೊಂಡವರ ಅನುಭವಗಳನ್ನು ನಾಟಕವಾಗಿಸಬೇಕು ಎಂಬ ಮಾತು ನಮ್ಮ ಕಡೆಯ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ಬದುಕಿರುವ ವ್ಯಕ್ತಿಯೊಬ್ಬರ ಜೀವನವನ್ನು ರಂಗದ ಮೇಲೆ ತರುವುದು ಕರಪತ್ರ ಅಚ್ಚು ಹಾಕಿಸಿದಷ್ಟು ಸರಳವಾದ ಕೆಲಸವಲ್ಲ. ಅದು ಯಾರ ಕತೆ, ಯಾರ ಒಪ್ಪಿಗೆಯಿಂದ ಆಡುತ್ತಿದ್ದೇವೆ, ಯಾರ ಮುಂದೆ ಆಡುತ್ತಿದ್ದೇವೆ ಎಂಬ ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳಬೇಕು. ಇಲ್ಲವಾದರೆ ಒಮ್ಮೆ ಮನೆ, ಜಮೀನು ಕಳೆದುಕೊಂಡವರು ಈ ಬಾರಿ ತಮ್ಮ ಕತೆಯನ್ನೂ ಕಳೆದುಕೊಂಡಾರು.

ಹಾಗೆಂದು ತಡಮಾಡುವಂತೆಯೂ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಆಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ. ಅದಕ್ಕೂ ಮೊದಲು, 1940ರ ದಶಕದಲ್ಲಿ, ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟಿನ ಕಾಲವನ್ನು ಕಂಡವರಂತೂ ತೀರ ವಿರಳ. ಆ ಹಳೆಯ ಕಟ್ಟೆಯೇ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದೆ. ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಹಿರಿಯರೊಂದಿಗೆ ಹೋದ ನೆನಪು ಹಾಗೆ ಮರಳಿ ಕಾಣಿಸುವುದಿಲ್ಲ.

ಸರ್ಕಾರಿ ಕಡತಗಳಲ್ಲಿ ಮುಳುಗಡೆಯ ಲೆಕ್ಕ ಎಕರೆ, ಸರ್ವೆ ನಂಬರು ಮತ್ತು ಪರಿಹಾರದ ರೂಪಾಯಿಗಳಲ್ಲಿದೆ. ಯಾವ ಭತ್ತದ ಬೀಜವನ್ನು ಹೊತ್ತು ತಂದರು, ಯಾವುದನ್ನು ಅಲ್ಲಿಯೇ ಬಿಟ್ಟು ಬಂದರು, ಹೊಸ ಜಾಗದ ಮಣ್ಣಿನಲ್ಲಿ ಅಡಿಕೆ ತೋಟ ಎದ್ದು ನಿಲ್ಲಲು ಎಷ್ಟು ವರ್ಷ ಬೇಕಾಯಿತು, ನೆರೆಮನೆಯವರು ಯಾವ ದಿಕ್ಕಿಗೆ ಚದುರಿದರು ಎಂಬುದು ಅಲ್ಲಿ ಸಿಗುವುದಿಲ್ಲ. ನಾ. ಡಿಸೋಜ ಅವರ ‘ಮುಳುಗಡೆ’ ಮತ್ತು ‘ದ್ವೀಪ’ ಕಾದಂಬರಿಗಳು ಈ ಲೋಕವನ್ನು ಕನ್ನಡದ ಓದುಗರಿಗೆ ಕಾಣಿಸಿದವು. ‘ದ್ವೀಪ’ವು 2002ರಲ್ಲಿ ಗಿರೀಶ ಕಾಸರವಳ್ಳಿಯವರ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು. ಆದರೆ ಕಾದಂಬರಿಯ ಪಾತ್ರ ಲೇಖಕರ ಸೃಷ್ಟಿ. ನಾವೀಗ ಮಾಡಹೊರಟಿರುವುದು ಬೇರೆ. ಇಂಥವರು ಹೇಳಿದ ಇಂಥ ಮಾತನ್ನೇ ನಟರು ಅವರ ಊರಿನವರ ಎದುರಿನಲ್ಲಿ ಆಡಬೇಕಾಗಿದೆ.

ನೊಂದವರ ಬದುಕನ್ನು ಜನರ ಮುಂದಿಡುವ ರಂಗಭೂಮಿ ನಮಗೆ ಹೊಸದಲ್ಲ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ದಲಿತರ ಹತ್ಯೆಯನ್ನು ‘ಸಮುದಾಯ’ವು ಬೀದಿನಾಟಕವಾಗಿ ಕರ್ನಾಟಕದ ಊರುಗಳಿಗೆ ಒಯ್ದಿತು. ಮುಳುಗಡೆಯನ್ನು ಕಂಡ ಸಾಗರ ತಾಲ್ಲೂಕಿನದೇ ಆದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಮ್ ಇದೆ. ಅದೇ ಹೆಗ್ಗೋಡಿನ ‘ಜನಮನದಾಟ’ ತಂಡವು ಟ್ರಾನ್ಸ್‌ಜೆಂಡರ್ ಲೇಖಕಿ ಎ. ರೇವತಿಯವರ ಆತ್ಮಕತೆಯನ್ನು ‘ಬದುಕು ಬಯಲು’ ಎಂಬ ನಾಟಕವಾಗಿ ಆಡಿತು. ಆ ಕೃತಿಯನ್ನು ಕನ್ನಡಕ್ಕೆ ತಂದವರು ದು. ಸರಸ್ವತಿ, ನಾಟಕವನ್ನು ನಿರ್ದೇಶಿಸಿದವರು ಎಂ. ಗಣೇಶ. ರೇವತಿಯವರು ತಮ್ಮ ಬದುಕನ್ನು ತಮಿಳಿನಲ್ಲಿ ಏಕವ್ಯಕ್ತಿ ಪ್ರದರ್ಶನವಾಗಿ ತಾವೇ ಅಭಿನಯಿಸಿದ್ದಾರೆ.

ಈ ಎರಡು ನಾಟಕಗಳ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ಬೆಲ್ಚಿಯ ನೊಂದವರು ಕರ್ನಾಟಕದ ಪ್ರೇಕ್ಷಕರ ನಡುವೆ ಕುಳಿತಿರಲಿಲ್ಲ. ರೇವತಿಯವರಾದರೋ ತಮ್ಮ ಕತೆಯಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬಾರದು ಎಂಬುದನ್ನು ಪುಸ್ತಕ ಬರೆಯುವಾಗಲೇ ತಾವು ನಿರ್ಧರಿಸಿದ್ದರು. ಮುಳುಗಡೆಯ ಹಿರಿಯರ ಸ್ಥಿತಿ ಈ ಎರಡೂ ಅಲ್ಲ. ಅವರು ಪುಸ್ತಕ ಬರೆದವರಲ್ಲ. ಜಗಲಿಗೆ ಬಂದು ಕೇಳಿದವರಿಗೆ ನಂಬಿಕೆಯಿಂದ ಹೇಳುತ್ತಾರೆ. ಆಯ್ಕೆ ಮಾಡುವವರು, ಕತ್ತರಿಸುವವರು, ಜೋಡಿಸುವವರು ನಾವು. ಹೊಣೆಯೂ ಅಷ್ಟೇ ಹೆಚ್ಚು.

ಚಳವಳಿಯವರಾದ ನಮಗೆ ಇಲ್ಲಿ ಒಂದು ವಿಶೇಷ ಪ್ರಲೋಭನೆಯಿದೆ. ನಮ್ಮ ಘೋಷಣೆಗೆ ಹೊಂದುವ ಮಾತುಗಳನ್ನು ಉಳಿಸಿ, ಹೊಂದದವುಗಳನ್ನು ಬಿಡುವ ಪ್ರಲೋಭನೆ ಅದು. ಮುಳುಗಡೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಗೇಣಿಯ ಕೊಳಗದ ಅಳತೆಯ ವಿವಾದದಿಂದ ಹೊತ್ತಿಕೊಂಡ ಕಾಗೋಡು ಸತ್ಯಾಗ್ರಹ ಇದೇ ಸಾಗರ ತಾಲ್ಲೂಕಿನಲ್ಲಿ ನಡೆದದ್ದು 1951ರಲ್ಲಿ. ಉಳುವವನೇ ಹೊಲದೊಡೆಯ ಎಂಬ ತತ್ತ್ವಕ್ಕೆ ಬಲ ಕೊಟ್ಟ ಭೂಸುಧಾರಣಾ ತಿದ್ದುಪಡಿ ಕಾಯಿದೆ ಜಾರಿಗೆ ಬಂದದ್ದು 1974ರಲ್ಲಿ. ಇವೆರಡರ ನಡುವೆ ನೀರು ಬಂತು. ಆಗ ಜಮೀನಿನ ಒಡೆಯನಾಗಿದ್ದವನ ಕತೆಯೂ ಅದೇ ಜಮೀನನ್ನು ಗೇಣಿಗೆ ಮಾಡುತ್ತಿದ್ದವನ ಕತೆಯೂ ಒಂದೇ ಆಗಲು ಹೇಗೆ ಸಾಧ್ಯ? ಮುಳುಗಡೆಯಾದ ಊರು ಸುಖದ ತವರಾಗಿತ್ತು ಎಂದು ತೋರಿಸುವ ನಾಟಕ ಅರ್ಧ ಊರಿನ ಅನುಭವವನ್ನು ಅಳಿಸಿಹಾಕುತ್ತದೆ.

ಇನ್ನೊಂದು ಉದಾಹರಣೆ. 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ತೆರೆಯುವವರೆಗೆ ಹಿನ್ನೀರಿನಾಚೆಯ ಜನ ಸಾಗರಕ್ಕೆ ಬರಲು ಲಾಂಚನ್ನೇ ನೆಚ್ಚಿದ್ದರು. ಆ ಸೇತುವೆಯನ್ನು ಹರ್ಷದಿಂದ ಸ್ವಾಗತಿಸಿದ ವೃದ್ಧೆಯ ಮಾತು ನಮ್ಮ ಅಭಿವೃದ್ಧಿ ವಿಮರ್ಶೆಗೆ ಹೊಂದದೇ ಇರಬಹುದು. ಹೊಂದುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಬಿಟ್ಟುಬಿಟ್ಟರೆ ನಾಟಕದಲ್ಲಿ ಉಳಿಯುವುದು ಆಕೆಯಲ್ಲ, ನಾವು.

ನನ್ನ ವೃತ್ತಿಕ್ಷೇತ್ರದಲ್ಲಿ ಇದಕ್ಕೆ ಸಮಾನವಾದ ಒಂದು ಪಾಠವಿದೆ. ರೈತರ ಹೊಲಗಳಿಂದ ತಳಿಗಳನ್ನು ಸಂಗ್ರಹಿಸುವಾಗ ಪ್ರತಿ ಮಾದರಿಯ ಜೊತೆ ಅದು ಎಲ್ಲಿಂದ, ಯಾವಾಗ ಬಂತು ಎಂಬ ದಾಖಲೆ ಇಡುತ್ತೇವೆ. ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ 2001ರಲ್ಲಿ ಅಂಗೀಕಾರವಾಯಿತು. ಹೊಸ ತಳಿಯನ್ನು ನೋಂದಾಯಿಸುವವರು ಮೂಲ ತಳಿ ಎಲ್ಲಿಯದು, ಅದರಲ್ಲಿ ರೈತರ ಅಥವಾ ಹಳ್ಳಿಯ ಕೊಡುಗೆ ಏನು ಎಂಬುದನ್ನು ತಿಳಿಸಬೇಕೆಂದು ಅದು ವಿಧಿಸುತ್ತದೆ. ಮರುವರ್ಷದ ಜೀವವೈವಿಧ್ಯ ಕಾಯಿದೆ ಲಾಭದಲ್ಲಿ ಪಾಲು ಎಂಬ ತತ್ತ್ವವನ್ನು ತಂದಿತು. ಕೈಗೆ ಸಿಕ್ಕಿದ್ದೆಲ್ಲ ನಮ್ಮದಲ್ಲ ಎಂಬ ವಿವೇಕ ಈ ಕಾನೂನುಗಳ ತಿರುಳು. ಒಂದು ಹಿಡಿ ಭತ್ತಕ್ಕೆ ನಾವು ಸಲ್ಲಿಸುವ ಈ ಗೌರವ ಒಂದು ಜೀವಮಾನದ ಕತೆಗೆ ಬೇಡವೇ?

ರಂಗಭೂಮಿಯಲ್ಲೂ ಇಂಥ ವಿವೇಕದ ಮಾದರಿಗಳಿವೆ. 1975ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೊನಾಥನ್ ಫಾಕ್ಸ್ ಮತ್ತು ಜೋ ಸಾಲಸ್ ಆರಂಭಿಸಿದ ‘ಪ್ಲೇಬ್ಯಾಕ್ ಥಿಯೇಟರ್’ ಅವುಗಳಲ್ಲೊಂದು. ಪ್ರೇಕ್ಷಕರಲ್ಲಿ ಒಬ್ಬರು ರಂಗದ ಬದಿಗೆ ಬಂದು ಕುಳಿತು ತಮ್ಮ ಬದುಕಿನ ಒಂದು ಘಟನೆಯನ್ನು ಹೇಳುತ್ತಾರೆ. ತಮ್ಮ ಪಾತ್ರವನ್ನು ಯಾವ ನಟ ಮಾಡಬೇಕೆಂದು ಅವರೇ ಆರಿಸುತ್ತಾರೆ. ನಟರು ಅಲ್ಲಿಯೇ, ಬರೆದ ಸಂಭಾಷಣೆಯಿಲ್ಲದೆ, ಅದನ್ನು ಆಡಿ ತೋರಿಸುತ್ತಾರೆ. ಮುಗಿದ ಮೇಲೆ ಮಾತು ಮರಳಿ ಹೇಳಿದವರಿಗೇ ಸಲ್ಲುತ್ತದೆ. ತಾಳಮದ್ದಳೆಯನ್ನು ಬಲ್ಲ ಮಲೆನಾಡಿಗೆ ಈ ಕ್ರಮ ಅಪರಿಚಿತವೆನಿಸದು. ಪ್ರಸಂಗವನ್ನು ಆಧಾರವಾಗಿಟ್ಟುಕೊಂಡು ಸ್ಥಳದಲ್ಲೇ ಅರ್ಥ ಹೇಳುವ ಕಲೆ ನಮ್ಮಲ್ಲಿ ಇದ್ದೇ ಇದೆ. ಅದಕ್ಕೆ ನಾವು ಸೇರಿಸಿಕೊಳ್ಳಬೇಕಾದದ್ದು ಹೇಳಿದವರ ಕೊನೆಯ ಮಾತನ್ನು.

ಆದ್ದರಿಂದ ಈ ಕೆಲಸಕ್ಕೆ ಕೈಹಾಕುವ ಗೆಳೆಯರ ಮುಂದೆ ಕೆಲವು ಸಲಹೆಗಳನ್ನು ಇಡಬಯಸುತ್ತೇನೆ. ಒಪ್ಪಿಗೆಯನ್ನು ಎರಡು ಬಾರಿ ಕೇಳಬೇಕು: ಕತೆ ಕೇಳುವ ಮುನ್ನ ಒಮ್ಮೆ, ನಾಟಕದ ಪಠ್ಯವನ್ನು ಓದಿ ಹೇಳಿದ ಮೇಲೆ ಇನ್ನೊಮ್ಮೆ. ಮೊದಲ ಪ್ರದರ್ಶನ ಪಟ್ಟಣದ ರಂಗಮಂದಿರದಲ್ಲಲ್ಲ, ಕತೆ ಹೇಳಿದವರ ಅಂಗಳದಲ್ಲಿ, ಅವರ ಮನೆಯವರ ಮುಂದೆ ನಡೆಯಬೇಕು. ಬೇಡವೆಂದ ಭಾಗವನ್ನು ಕಾರಣ ಕೇಳದೆ ಕೈಬಿಡಬೇಕು. ಹೆಸರು, ಊರು ಬದಲಿಸಬೇಕೆಂದರೆ ಬದಲಿಸಬೇಕು. ಹಿರಿಯರನ್ನು ಪ್ರತಿ ಪ್ರದರ್ಶನಕ್ಕೂ ಕರೆತಂದು ಅದೇ ದುಃಖವನ್ನು ವೇದಿಕೆಯಲ್ಲಿ ಪುನಃ ಪುನಃ ಹೇಳಿಸುವುದು ಸಲ್ಲದು. ಆ ಭಾರವನ್ನು ಹೊರಲೆಂದೇ ನಟರಿರುವುದು. ಧ್ವನಿಮುದ್ರಣದ ಒಂದು ಪ್ರತಿ ಅವರ ಮನೆಯಲ್ಲಿರಬೇಕು. ಹಣ ಸಂಗ್ರಹವಾದರೆ ಅದರಲ್ಲಿ ಅವರಿಗೂ ಪಾಲು ಇರಬೇಕು.

ಇಷ್ಟೆಲ್ಲ ನಿಬಂಧನೆ ಹಾಕಿದರೆ ನಾಟಕ ಹರಿತ ಕಳೆದುಕೊಳ್ಳುವುದಿಲ್ಲವೇ, ಹೋರಾಟಕ್ಕೆ ತುರ್ತು ಬೇಕಲ್ಲವೇ ಎಂದು ಕೆಲವರು ಕೇಳಬಹುದು. ತುರ್ತು ಇರುವುದು ನಿಜ. ಪುನರ್ವಸತಿಯ ಭೂಮಿಯ ಹಕ್ಕಿನ ಪ್ರಶ್ನೆ ಮೂರನೆಯ ತಲೆಮಾರಿಗೂ ಪೂರ್ತಿ ಬಗೆಹರಿದಿಲ್ಲ. ಆದರೆ ನಮ್ಮ ಪ್ರೇಕ್ಷಕರು ದೂರದವರಲ್ಲ. ಯಾರ ಮನೆಯಲ್ಲಿ ಏನಾಯಿತು ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ತಿಳಿದಿದೆ. ಒಂದು ಸುಳ್ಳು ದೃಶ್ಯ ಕಂಡರೆ ಅವರು ನಾಟಕವನ್ನಷ್ಟೇ ಅಲ್ಲ, ನಾಳೆ ನಾವು ಒಯ್ಯುವ ಮನವಿಪತ್ರವನ್ನೂ ನಂಬುವುದಿಲ್ಲ. ಒಪ್ಪಿಗೆ ಪಡೆಯಲು ಹಿಡಿಯುವ ಸಮಯ ಹೋರಾಟದ ಸಮಯವೇ ಹೌದು.

ಮಳೆಗಾಲದಲ್ಲಿ ನಾಟಿ ಮುಗಿದ ಮೇಲೆ ಮಲೆನಾಡಿನ ಮನೆಗಳಲ್ಲಿ ಹಿರಿಯರಿಗೆ ಮಾತಾಡಲು ಬಿಡುವಿರುತ್ತದೆ. ಪ್ರತಿ ಊರಿನಿಂದ ಇಬ್ಬರು ಯುವಕ ಯುವತಿಯರು ಹೋಗಿ ಕುಳಿತು ಕೇಳಲಿ. ನಾಟಕ ಅಡಿಕೆ ಕೊಯ್ಲಿನ ನಂತರವೇ ಆಗಲಿ, ಅದರ ಮುಂದಿನ ವರ್ಷವೇ ಆಗಲಿ. ಕೇಳುವ ಕೆಲಸ ಮಾತ್ರ ಈ ವರ್ಷವೇ ಆಗಬೇಕು.