ಕಾನೂನನ್ನು ಹಳಿಯುವ ಮುನ್ನ

ಫೆಲೆಸ್ತೀನಿನ ಪಶ್ಚಿಮ ದಂಡೆಯಿಂದ ಸುದ್ದಿ ಬಂದಾಗಲೆಲ್ಲ, ಜುಮಾ ಮುಗಿದ ಬಳಿಕ ಮಸೀದಿಯ ಅಂಗಳದಲ್ಲಿ ನಮ್ಮ ಕಿವಿಗೆ ಬೀಳುವ ಮಾತೊಂದಿದೆ: “ಅಂತಾರಾಷ್ಟ್ರೀಯ ಕಾನೂನೆಂದರೆ ಬಲಿಷ್ಠರು ಬರೆದುಕೊಂಡ ಕಾಗದ. ಅದರಿಂದ ಬಡಪಾಯಿಗಳಿಗೇನು ಲಾಭ?” ನೋವಿನಿಂದ ಹುಟ್ಟಿದ ಮಾತೆಂದು ಒಪ್ಪುತ್ತೇವೆ. ಆದರೆ ನಾವು ಹಾಗೆ ನಂಬಬೇಕೆಂಬುದೇ ಆಕ್ರಮಿಸಿದವರ ಬಯಕೆಯೂ ಅಲ್ಲವೇ? ಅದು ಬರಿಯ ಕಾಗದವಾಗಿದ್ದರೆ ಅದರಿಂದ ನುಣುಚಿಕೊಳ್ಳಲು ಇಷ್ಟೊಂದು ವಕೀಲರೇಕೆ?

ತಾನು ಮಾಡದ ಅಪರಾಧಕ್ಕೆ ಯಾರನ್ನೂ ದಂಡಿಸುವಂತಿಲ್ಲ, ಸಾಮೂಹಿಕ ಶಿಕ್ಷೆ ನಿಷಿದ್ಧ ಎನ್ನುತ್ತದೆ 1949ರ ನಾಲ್ಕನೆಯ ಜಿನೀವಾ ಒಪ್ಪಂದದ 33ನೆಯ ವಿಧಿ. ಕುರ್‌ಆನ್ ಓದುವ ಮನೆಗಳಿಗೆ ಈ ತತ್ವ ಹೊಸತೇನಲ್ಲ.

ಪಶ್ಚಿಮ ದಂಡೆಯಲ್ಲಿ ನಡೆಯುತ್ತಿರುವುದೇನು? ದಾಳಿಯ ಆರೋಪ ಹೊತ್ತವನು ಆಗಲೇ ಸತ್ತಿರುತ್ತಾನೆ, ಇಲ್ಲವೇ ಸೆರೆಯಲ್ಲಿರುತ್ತಾನೆ. ಸೈನ್ಯ ಬಂದು ಕೆಡವುವುದು ಅವನ ತಾಯಿ, ಮಡದಿ, ಮಕ್ಕಳು ಮಲಗುವ ಮನೆಯನ್ನು. ಆಧಾರವೆಂದು ತೋರಿಸುವುದು 1945ರಲ್ಲಿ ಬ್ರಿಟಿಷರು ತಂದ ತುರ್ತು ರಕ್ಷಣಾ ನಿಯಮಾವಳಿಯ 119ನೆಯ ನಿಯಮ. ಬ್ರಿಟಿಷರು ಹೋದರು, ಅವರ ಹಾರೆ ಮಾತ್ರ ಅಲ್ಲೇ ಉಳಿಯಿತು! ಇದರಿಂದ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚೆಂದು 2005ರಲ್ಲಿ ಇಸ್ರೇಲ್ ಸೇನೆಯದೇ ಸಮಿತಿ ಹೇಳಿತು. ಈ ಪದ್ಧತಿಯನ್ನು ಕೈಬಿಡಲಾಯಿತು. 2014ರಲ್ಲಿ ಅದಕ್ಕೆ ಮತ್ತೆ ಜೀವ ಬಂತು. ಇದು ಶಿಕ್ಷೆಯಲ್ಲವಂತೆ, ಮುಂದಿನ ದಾಳಿಯನ್ನು ತಡೆಯುವ ಕ್ರಮವಂತೆ. ಬೀದಿಗೆ ಬಿದ್ದ ಮಗುವಿಗೆ ಈ ವ್ಯತ್ಯಾಸವನ್ನು ವಿವರಿಸುವವರು ಯಾರು?

ಕಾನೂನು ತಿಳಿದಿರಲಿಲ್ಲ ಎನ್ನುವಂತೆಯೂ ಇಲ್ಲ. ಆಕ್ರಮಿತ ನೆಲಕ್ಕೆ ತನ್ನ ಪ್ರಜೆಗಳನ್ನು ತಂದು ನೆಲೆಗೊಳಿಸಬಾರದೆಂದು ಅದೇ ಒಪ್ಪಂದದ 49ನೆಯ ವಿಧಿ ಹೇಳುತ್ತದೆ. ಅಲ್ಲಿ ನಾಗರಿಕ ವಸಾಹತು ಕಟ್ಟುವುದು ಒಪ್ಪಂದದ ಉಲ್ಲಂಘನೆಯೆಂದು 1967ರ ಸೆಪ್ಟೆಂಬರಿನಲ್ಲಿಯೇ ಇಸ್ರೇಲ್ ವಿದೇಶಾಂಗ ಸಚಿವಾಲಯದ ಕಾನೂನು ಸಲಹೆಗಾರ ಥಿಯೋಡರ್ ಮೆರಾನ್ ಬರೆದುಕೊಟ್ಟಿದ್ದರು. ಬಾಲ್ಯದಲ್ಲಿ ನಾಜಿಗಳ ಶ್ರಮಶಿಬಿರದಿಂದ ಬದುಕಿ ಬಂದವರು ಅವರು. ಅವರ ಮಾತನ್ನು ಬದಿಗಿಟ್ಟು ವಸಾಹತುಗಳನ್ನು ಕಟ್ಟಲಾಯಿತು. 2024ರ ಜುಲೈ 19ರಂದು ಅಂತಾರಾಷ್ಟ್ರೀಯ ನ್ಯಾಯಾಲಯವು ಆಕ್ರಮಿತ ಫೆಲೆಸ್ತೀನಿನಲ್ಲಿ ಇಸ್ರೇಲಿನ ಇರುವಿಕೆಯೇ ಕಾನೂನುಬಾಹಿರ ಎಂದಿತು.

ಒಂದು ಮಾತನ್ನು ನಮ್ಮವರಿಗೂ ಹೇಳಲೇಬೇಕು. ಅದೇ ಒಪ್ಪಂದದ 34ನೆಯ ವಿಧಿ ಜನರನ್ನು ಒತ್ತೆಯಾಳಾಗಿ ಹಿಡಿಯುವುದನ್ನು ನಿಷೇಧಿಸುತ್ತದೆ. 2023ರ ಅಕ್ಟೋಬರ್ 7ರಂದು ಮುದುಕರನ್ನೂ ಮಕ್ಕಳನ್ನೂ ಹಿಡಿದೊಯ್ದದ್ದು ತಪ್ಪೆಂದು ಹೇಳಲು ನಾಲಿಗೆ ತಡವರಿಸಿದರೆ, 33ನೆಯ ವಿಧಿಯನ್ನು ಎತ್ತಿ ಹಿಡಿಯುವ ನೈತಿಕ ಬಲ ನಮಗೆ ಎಲ್ಲಿಂದ ಬರಬೇಕು?

ಇನ್ನು ನಮ್ಮ ದೇಶದ ಪಾಲು. ಒಪ್ಪಂದವನ್ನು ತಾನು ಪಾಲಿಸುವುದಷ್ಟೇ ಅಲ್ಲ, ಇತರರೂ ಪಾಲಿಸುವಂತೆ ನೋಡಿಕೊಳ್ಳುವುದು ಪ್ರತಿ ಸದಸ್ಯ ರಾಷ್ಟ್ರದ ಹೊಣೆಯೆಂದು ಅದರ ಮೊದಲನೆಯ ವಿಧಿ ಸಾರುತ್ತದೆ. ಭಾರತವು 1950ರಲ್ಲಿಯೇ ಅದನ್ನು ಸ್ಥಿರೀಕರಿಸಿ, 1960ರಲ್ಲಿ ಜಿನೀವಾ ಒಪ್ಪಂದಗಳ ಕಾಯ್ದೆಯನ್ನು ಮಾಡಿತು. ಹನ್ನೆರಡು ತಿಂಗಳೊಳಗೆ ಈ ಆಕ್ರಮಣ ಕೊನೆಗೊಳ್ಳಬೇಕೆಂಬ ನಿರ್ಣಯ 2024ರ ಸೆಪ್ಟೆಂಬರ್ 18ರಂದು ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ಬಂದಾಗ 124 ರಾಷ್ಟ್ರಗಳು ಪರವಾಗಿ ಮತ ಹಾಕಿದವು. ಮತದಾನದಿಂದ ದೂರ ಉಳಿದ 43 ರಾಷ್ಟ್ರಗಳಲ್ಲಿ ನಮ್ಮದೂ ಒಂದು. ಅಂಗಳದಲ್ಲಿ ನಿಂತು ಕಾನೂನನ್ನು ಹಳಿಯುವ ಬದಲು ನಮ್ಮ ಸಂಸದರಿಗೆ ಒಂದು ಪತ್ರ ಬರೆಯೋಣ: ಸ್ವಾಮಿ, ಮೊದಲನೆಯ ವಿಧಿಗೆ ಸಹಿ ಹಾಕಿದ ದೇಶ ಅಂದು ದೂರ ಉಳಿದದ್ದೇಕೆ?