ಅತ್ತೆಯ ಬೆರಳು, ಮಗನ ಬಟನ್

ಇಳಕಲ್ಲಿನ ನಮ್ಮ ಮನೆಯ ನೀರಿನ ಮೋಟರಿಗೆ, ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದೋ ಮಗ ಪುಟ್ಟ ಟಚ್ ಸ್ಕ್ರೀನ್ ಕೂಡಿಸಿದ. ಎಲ್‌ವಿಜಿಎಲ್ ಅನ್ನೋ ಉಚಿತ ಗ್ರಾಫಿಕ್ಸ್ ಲೈಬ್ರರಿಯಲ್ಲಿ ಮಾಡಿದ್ದಂತೆ. ನಾನು ಒತ್ತಿದ್ರೆ ಮೋಟರ್ ಚಾಲೂ, ಅತ್ತೆ ಒತ್ತಿದ್ರೆ ಇಲ್ಲ. "ನನ್ನ ಬೆರಳಿಗೆ ಜೀವಾನ ಇಲ್ಲೇನೋ?" ಅಂದು ಸುಮ್ಮನಾದರು. ಮಗ್ಗದ ಮುಂದೆ ಸವೆದ ಬೆರಳು. ಆ ಮಾತು ನನಗೆ ಚುಚ್ಚಿತು.

ಮಗ ಹುಡುಕಿದ. ಅವನು ಹಿಡಿದಿದ್ದು 'ಶಾರ್ಟ್ ಕ್ಲಿಕ್ಡ್' ಈವೆಂಟ್. ಸಾಮಾನ್ಯವಾಗಿ 400 ಮಿಲಿಸೆಕೆಂಡು ದಾಟಿ ಒತ್ತಿದರೆ ಅದು 'ಲಾಂಗ್ ಪ್ರೆಸ್' ಆಗಿಬಿಡ್ತದೆ. ಅತ್ತೆಯದು ನಿಧಾನದ, ಗಟ್ಟಿ ಒತ್ತು. 'ಕ್ಲಿಕ್ಡ್' ಅಂತ ಬದಲಿಸಿದ. ಎಷ್ಟು ಹೊತ್ತು ಒತ್ತಿದ್ರೂ ಬೆರಳು ಎತ್ತಿದಾಗ ಅದು ಬಂದೇ ಬರ್ತದೆ.

ಬಟನ್ ದೊಡ್ಡದು ಮಾಡಲು ಹೋದರೆ ಒಂದರ ಮೇಲೊಂದು ಕೂತವು. ಎಲ್ಲಕ್ಕೂ ಪಿಕ್ಸೆಲ್ ಎಣಿಸಿ ಜಾಗ ಕೊಟ್ಟಿದ್ದ. ಅತ್ತೆ ನಕ್ಕರು: "ಒಡಲಿಗೆ ಸೆರಗಿನ ಕೊಂಡಿ ಹಾಕೂ ಮೊದ್ಲ ಅಳತಿ ಪಾಲು ಮಾಡ್ಕೋತೀವಿ, ತಮ್ಮಾ." ಆಮೇಲೆ 'ಫ್ಲೆಕ್ಸ್' ಲೇಔಟ್ ಹಾಕಿದ, ಇದ್ದ ಜಾಗವನ್ನು ಬಟನ್‌ಗಳೇ ಪಾಲು ಹಂಚಿಕೊಂಡವು.

ಈಗ ಬೆಳಗಿನ ಮೋಟರ್ ಅತ್ತೆಯದೇ. ನಿಮ್ಮ ಮನೆಯ ಹಿರಿಯರು "ನನಗ ಇದೆಲ್ಲಾ ಬರಂಗಿಲ್ಲ" ಅಂದ್ರೆ, ಮೊದಲು ಬಟನ್ ನೋಡ್ರಿ.